ಅಪ್ಪ ಮತ್ತೆ ಮಾತಾಡುತ್ತಿದ್ದಾರೆ, ನಿಮಗೆಲ್ಲ ಧನ್ಯವಾದ

ಅಪ್ಪನಿಗೆ ಸ್ಟ್ರೋಕ್ ಆಗಿ ವರ್ಷದ ಮೇಲಾಯಿತು. ಈ ವಾರ ಅವರು ತಮ್ಮ ಹಳೆಯ ಸ್ನೇಹಿತರೊಬ್ಬರಿಗೆ ತಾವೇ ಫೋನ್ ಮಾಡಿ ಮಾತಾಡಿದರು. ಪದಗಳು ತಡವಾಗಿ ಬಂದವು, ಕೆಲವು ಅರ್ಧಕ್ಕೇ ನಿಂತವು, ಆದರೂ ಫೋನನ್ನು ನಮ್ಮ ಯಾರ ಕೈಗೂ ಕೊಡಲಿಲ್ಲ. "ಅಪ್ಪ ಹೇಗಿದ್ದಾರೆ" ಅಂತ ನೀವೆಲ್ಲ ಕೇಳುತ್ತಲೇ ಇದ್ದಿರಿ. ಈಗ ಖುಷಿಯಾಗಿ ಉತ್ತರ ಹೇಳುವ ಹಾಗಾಗಿದೆ, ಅದಕ್ಕೇ ಈ ಬರಹ.

ಮೊದಲು ಅಮ್ಮನಿಗೆ. ಆ ದಿನ ಅಪ್ಪನ ಬಾಯಿ ಒಂದು ಕಡೆ ವಾಲಿತು, ಬಲಗೈ ಎತ್ತಿದರೆ ತಾನಾಗಿ ಕೆಳಗಿಳಿಯಿತು, ಮಾತು ತೊದಲಿತು. ಸ್ವಲ್ಪ ಮಲಗಿದರೆ ಸರಿಹೋಗುತ್ತೆ ಅಂತ ಅಮ್ಮ ಕಾಯಲಿಲ್ಲ. ಗಡಿಯಾರ ನೋಡಿದರು, ಆಂಬುಲೆನ್ಸ್ ಕರೆಸಿದರು, ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಮೊದಲು ಆ ಸಮಯವನ್ನೇ ಹೇಳಿದರು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ಸ್ಕ್ಯಾನ್ ಮಾಡಿ, ರಕ್ತಸ್ರಾವ ಆಗಿಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಹಾಗಾಗಿ ಒಂದೊಂದು ನಿಮಿಷಕ್ಕೂ ಬೆಲೆ ಇರುತ್ತದೆ. ಅಪ್ಪ ಇವತ್ತು ನಡೆದಾಡುತ್ತಿದ್ದಾರೆ ಅಂದರೆ ಅದರಲ್ಲಿ ಅಮ್ಮನ ಪಾಲು ತುಂಬಾ ದೊಡ್ಡದು.

ನಡಿಗೆ ಬೇಗ ಬಂತು. ಮಾತು ಬರಲಿಲ್ಲ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ಮೆದುಳಿನ ಎಡಭಾಗದಲ್ಲಿ ನಡೆಯುತ್ತದೆ, ಅಪ್ಪನಿಗೆ ಪೆಟ್ಟು ಬಿದ್ದಿದ್ದೂ ಅಲ್ಲಿಗೇ. ಹೀಗೆ ಮೆದುಳಿಗೆ ಪೆಟ್ಟು ಬಿದ್ದು ಮಾತಿಗೆ, ಭಾಷೆಗೆ ತೊಂದರೆ ಆಗುವುದಕ್ಕೆ ಅಫೇಸಿಯಾ ಅನ್ನುತ್ತಾರೆ. 1861ರಲ್ಲೇ ಪಾಲ್ ಬ್ರೋಕಾ ಎಂಬ ಫ್ರೆಂಚ್ ವೈದ್ಯರು ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದರು. ಏನು ಕೇಳಿದರೂ ಆ ಮನುಷ್ಯನ ಬಾಯಿಂದ ಹೆಚ್ಚುಕಮ್ಮಿ "ತಾನ್" ಅನ್ನುವ ಒಂದೇ ಶಬ್ದ ಬರುತ್ತಿತ್ತಂತೆ, ಆದರೆ ಜನ ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತಿತ್ತಂತೆ. ಅಪ್ಪನ ಮುಖದಲ್ಲೂ ನಮಗೆ ಅದೇ ಕಾಣುತ್ತಿತ್ತು. ಹೇಳಬೇಕಾದ್ದು ಒಳಗೆ ಪೂರ್ತಿ ಇದೆ, ಪದ ಮಾತ್ರ ಸಿಗುತ್ತಿಲ್ಲ. ಬುದ್ಧಿ ಎಲ್ಲೂ ಹೋಗಿರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕಂದರೆ ನೋಡಲು ಬಂದ ಕೆಲವರು ಅವರ ಎದುರಿಗೇ, ಅವರು ಅಲ್ಲಿ ಇಲ್ಲವೇನೋ ಎಂಬಂತೆ, ಅವರ ಬಗ್ಗೆ ನಮ್ಮ ಹತ್ತಿರ ಮಾತಾಡುತ್ತಿದ್ದರು. ಅದು ಅವರಿಗೆ ಎಷ್ಟು ನೋವು ಕೊಡುತ್ತಿತ್ತು ಅಂತ ಪಕ್ಕದಲ್ಲಿ ಕೂತ ನಮಗೆ ಗೊತ್ತು.

ಸ್ಪೀಚ್ ಥೆರಪಿಸ್ಟ್ ಮೇಡಂ ನಮ್ಮೆಲ್ಲರನ್ನೂ ಕೂರಿಸಿಕೊಂಡು ಹೇಳಿಕೊಟ್ಟರು. ಟಿವಿ ಆಫ್ ಮಾಡಿ. ಒಬ್ಬೊಬ್ಬರಾಗಿ ಮಾತಾಡಿ, ಚಿಕ್ಕ ವಾಕ್ಯದಲ್ಲಿ. ಹೌದು, ಇಲ್ಲ ಅಂತ ಉತ್ತರಿಸುವಂಥ ಪ್ರಶ್ನೆ ಕೇಳಿ. ಕೈಸನ್ನೆ, ಚಿತ್ರ, ಬರವಣಿಗೆ ಏನು ಬಂದರೂ ಅದೂ ಮಾತೇ. ಎಲ್ಲಕ್ಕಿಂತ ಮುಖ್ಯ, ಅವರು ಪದ ಹುಡುಕುವಾಗ ಕಾಯಿರಿ, ನೀವೇ ವಾಕ್ಯ ಮುಗಿಸಬೇಡಿ.

ಆಗ ಅಮ್ಮ, ನಾನು, ತಮ್ಮ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾಕಂದರೆ ಅದು ಅಪ್ಪನ ಮಾತು. "ತಡಿ, ಅವರ ಮಾತು ಮುಗೀಲಿ." ಚಿಕ್ಕಂದಿನಿಂದ ಇದನ್ನು ಕೇಳಿಕೊಂಡೇ ಬೆಳೆದಿದ್ದೇವೆ. ಬಾಗಿಲಿಗೆ ಯಾರೇ ಬರಲಿ, ತೊದಲುವ ಮಗುವಿರಲಿ, ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳುವ ವಯಸ್ಸಾದವರಿರಲಿ, ಅಪ್ಪ ಪೂರ್ತಿ ಕೇಳುತ್ತಿದ್ದರು. ದಯೆ ಅಂದರೆ ಕೊಡುವುದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಅದು ಮೊದಲು ಕೇಳಿಸಿಕೊಳ್ಳುವುದು, ಆಮೇಲೆ ಕೊಡುವುದು. ಇಷ್ಟು ವರ್ಷ ಅವರು ಬೇರೆಯವರಿಗೆ ಕೊಟ್ಟ ಆ ತಾಳ್ಮೆ ಅವರಿಗೇ ವಾಪಸ್ ಬೇಕಾಯಿತು, ಮತ್ತು ಅದನ್ನು ಕೊಡಲು ನಮಗೆ ಬರುತ್ತಿತ್ತು, ಅವರೇ ಕಲಿಸಿದ್ದರಲ್ವಾ.

ತಮ್ಮನ ಬಗ್ಗೆ ಬರೆಯದೆ ಇರಲಾರೆ. ಕೆಲಸದ ಪಾಳಿ ಬದಲಿಸಿಕೊಂಡು ದಿನಾ ಬೆಳಗ್ಗೆ ಅಪ್ಪನ ಪಕ್ಕ ಕೂತು ಅಭ್ಯಾಸ ಮಾಡಿಸಿದ. ಅಪ್ಪ ಸಿಟ್ಟಿನಿಂದ ಕಾರ್ಡುಗಳನ್ನು ತಳ್ಳಿದ ದಿನ ಅವನು ಒಂದು ಮಾತೂ ಆಡಲಿಲ್ಲ, ಸುಮ್ನೆ ಆಯ್ದುಕೊಂಡ, ಮರುದಿನ ಮತ್ತೆ ಕೂತ. ಮಾತಾಡಲಾಗದ ಕೆಲವರಿಗೆ ಹಾಡಲು ಬರುತ್ತದೆ ಅಂತ ಮೇಡಂ ಹೇಳಿದಾಗ, ಅಪ್ಪನ ಜೊತೆ ಹಳೆಯ ಹಾಡುಗಳನ್ನು ಹಾಡಲು ಶುರು ಮಾಡಿದವನೂ ಅವನೇ. ತಿಂಗಳುಗಟ್ಟಲೆ ಮುಚ್ಚಿದ್ದ ಬಾಯಿಂದ ಒಂದು ಸಾಲು ಪೂರ್ತಿ, ಪದ ತಪ್ಪದೆ ಬಂತು. ಅಮ್ಮ ಒಳಗಿನಿಂದ ಓಡಿ ಬಂದರು. ಹಾಡಿನಿಂದ ಮಾತಿಗೆ ಬರಲು ಮತ್ತೆ ಬಹಳ ದಿನ ಹಿಡಿಯಿತು, ಒಂದೇ ಸಲಕ್ಕೆ ಏನೂ ಆಗಲಿಲ್ಲ. ಆದರೆ ಆಮೇಲೆ ಅಪ್ಪ ಅಭ್ಯಾಸಕ್ಕೆ ತಾವಾಗಿಯೇ ಬಂದು ಕೂರತೊಡಗಿದರು.

"ಮಾಡಿದ್ದನ್ನ ಹೇಳಿಕೊಂಡರೆ ಅದು ಸಾಲ ಆಗುತ್ತೆ" ಅನ್ನುತ್ತಿದ್ದರು ನಮ್ಮಜ್ಜಿ. ತಮ್ಮ ಹೇಳಿಕೊಂಡಿಲ್ಲ, ಹೇಳಿಕೊಳ್ಳುವುದೂ ಇಲ್ಲ. ಹಾಗಾಗಿ ಅಕ್ಕನಾಗಿ ನಾನೇ ಹೇಳುತ್ತಿದ್ದೇನೆ. ನನಗೆ ಅವನ ಬಗ್ಗೆ ತುಂಬಾ ಹೆಮ್ಮೆ ಇದೆ.

ರಾತ್ರಿ ಪಾಳಿಯಲ್ಲಿ ಅಪ್ಪನನ್ನು ಮಗ್ಗುಲು ಬದಲಿಸುವಾಗಲೆಲ್ಲ "ಈಗ ತಿರುಗಿಸುತ್ತೇನೆ ಸರ್" ಅಂತ ಹೇಳಿಯೇ ಮುಟ್ಟುತ್ತಿದ್ದ ನರ್ಸ್‌ಗೆ ಧನ್ಯವಾದ. ಉತ್ತರ ಬರಲ್ಲ ಅಂತ ಗೊತ್ತಿದ್ದೂ ಹೇಳುತ್ತಿದ್ದರು. ಫಿಸಿಯೋಥೆರಪಿಯವರಿಗೆ, ಹಣ ಹೊಂದಿಸಿಕೊಟ್ಟ ದೊಡ್ಡಪ್ಪನಿಗೆ, ಅಮ್ಮ ನಿದ್ದೆ ಮಾಡಲಿ ಅಂತ ಮಧ್ಯಾಹ್ನಗಳಲ್ಲಿ ಬಂದು ಕೂತ ಪಕ್ಕದ ಮನೆಯ ಆಂಟಿಗೆ. ನೋಡಿಕೊಳ್ಳುವವರನ್ನೂ ಯಾರಾದರೂ ನೋಡಿಕೊಳ್ಳಬೇಕು ಅಂತ ಹೊಳೆದದ್ದು ಅವರೊಬ್ಬರಿಗೇ. ಏನು ಹೇಳಬೇಕೋ ತಿಳಿಯದೆ ಸುಮ್ಮನೆ ಬಂದು ಅಪ್ಪನ ಕೈ ಹಿಡಿದು ಕೂತು ಹೋದ ಸ್ನೇಹಿತರಿಗೂ. ನೀವು ಬಂದು ಹೋದ ಸಂಜೆ ಅಪ್ಪ ಚೆನ್ನಾಗಿ ಊಟ ಮಾಡುತ್ತಿದ್ದರು.

ಇದನ್ನು ಹಾಕುವ ಮೊದಲು ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ಹುಡುಕಿ ಹುಡುಕಿ, "ಎಲ್ಲರಿಗೂ... ಬನ್ನಿ ಅಂತ... ಬರಿ" ಅಂದರು. ಬರೆದಿದ್ದೇನೆ. ಬನ್ನಿ, ಸ್ವಲ್ಪ ಜಾಸ್ತಿ ಸಮಯ ಇಟ್ಟುಕೊಂಡು ಬನ್ನಿ, ಅವರಿಗೆ ನಿಮ್ಮ ಜೊತೆ ಮಾತಾಡುವುದು ತುಂಬಾ ಇದೆ.