ಶಾಸಕ್ರೆ, ನಿಮ್ಮ ವಿಡಿಯೋ ನೋಡೀವಿ, ಈಗ ನಮಗ ಪ್ರಶ್ನೆ ಕೇಳ್ಲಾಕ ಜಾಗ ಕೊಡ್ರಿ

ನಮ್ಮ ಶಾಸಕ ಸಾಹೇಬ್ರಿಗೆ ಶರಣು ಶರಣಾರ್ಥಿ,

ಮೊನ್ನೆ ತಾಲೂಕಿನ ಕೆಡಿಪಿ ಮೀಟಿಂಗ್, ಅಂದ್ರ ಸರ್ಕಾರಿ ಕೆಲ್ಸಗಳ ಪ್ರಗತಿ ನೋಡೋ ಮೀಟಿಂಗ್, ಆಯ್ತು. ಸಂಜಿಗಿ ನಿಮ್ಮ ಫೇಸ್‌ಬುಕ್ ಪೇಜಿನಾಗ ಸಣ್ಣ ವಿಡಿಯೋ ಬಂತು, ಹಿಂದ ಮ್ಯೂಸಿಕ್ಕು, ನೀವು ಅಧಿಕಾರಿಗಳಿಗಿ ಬೆರಳು ತೋರಿಸಿ ಜೋರು ಮಾಡೋದು, ಮ್ಯಾಲೆ ದಪ್ಪ ಅಕ್ಷರದಾಗ ಖಡಕ್ ಕ್ಲಾಸ್ ಅಂತ. ಯಾವ ರೋಡು, ಎಷ್ಟು ರೊಕ್ಕ, ಯಾರು ಗುತ್ತಿಗೆದಾರ, ಯಾವಾಗ ಮುಗಿತದ, ಒಂದೂ ಅದ್ರಾಗ ಇಲ್ಲ. ಮರುದಿನ ಪೇಪರ್ ತೆಗೆದು ನೋಡಿದ್ರ ಅಲ್ಲೂ ಅದೇ ಮಾತು, ಯಾಕಂದ್ರ ಅವ್ರಿಗಿ ಹೋದದ್ದೂ ನಿಮ್ಮ ಆಫೀಸಿನ ಪ್ರೆಸ್ ನೋಟೇ.

ಬೀದರ್ ಜಿಲ್ಲೆದಾಗ ಯಾವ ಕ್ಷೇತ್ರ ಅಂತ ನಾ ಬರೆಯಲ್ಲ ಸಾಹೇಬ್ರೆ, ಈ ಮಾತು ಜಿಲ್ಲೆದ ಎಲ್ಲಾ ಜನಪ್ರತಿನಿಧಿಗಳಿಗೂ ತಾಗ್ತದ. ನಾ ಬಸ್ ಸ್ಟ್ಯಾಂಡ್ ಹತ್ರ ಝೆರಾಕ್ಸ್ ಅಂಗಡಿ ನಡೆಸ್ತೀನಿ, ಊರ ಮಂದಿ ಯಾವ ಸುದ್ದಿ ನಂಬ್ತಾರ ಯಾವುದು ನಂಬಲ್ಲ ಅಂತ ದಿನಾ ಕಣ್ಣಾರೆ ಕಾಣ್ತದ.

ವಿಡಿಯೋ ಮಾಡೋದೇ ತಪ್ಪು ಅಂತ ನಾ ಹೇಳ್ಲಾಕತ್ತಿಲ್ಲ. ಮೊದ್ಲು ಮಂದಿಗಿ ಏನರೆ ತಿಳಿಸ್ಬೇಕಾದ್ರ ಶಾಸಕರಿಗಿ ಪೇಪರಿನವ್ರು ಬೇಕಿತ್ತು, ಅವ್ರ ಮುಂದ ಕೂಡ್ಬೇಕಿತ್ತು, ಕೂತ್ರ ಅವ್ರು ಕೇಳಿದ್ದಕ್ಕ ಹೌದೋ ಅಲ್ಲೋ ಅಂತ ಒಂದು ಉತ್ತರ ಕೊಡ್ಲೇಬೇಕಿತ್ತು. ಈಗ ನಿಮ್ಮ ಪೇಜೇ ಪೇಪರು, ನಿಮ್ಮ ಹುಡುಗನ ಮೊಬೈಲೇ ಕ್ಯಾಮೆರಾ. ನಿಮ್ಮ ವಾಟ್ಸಾಪ್ ಗ್ರೂಪಿನಾಗ ಅಡ್ಮಿನ್ ಮಾತ್ರ ಮೆಸೇಜ್ ಹಾಕ್ಬಹುದು, ಪೇಜಿನಾಗ ಕಾಮೆಂಟ್ ಬಂದ್ ಮಾಡೀರಿ, ನೀವು ಹೇಳಿದ್ದು ನಮಗ ಮುಟ್ತದ ಆದ್ರ ನಮ್ಮ ಮಾತು ನಿಮಗ ಮುಟ್ಟೋ ದಾರಿ ಎಲ್ಲದ ಹೇಳ್ರಿ.

ನಮ್ಮ ಕಡಿ ಪತ್ರಕರ್ತರ ಹಾಲತ್ತೂ ನಿಮಗ ಗೊತ್ತದ. ತಾಲೂಕಿನಾಗ ಸುದ್ದಿ ಬರೆಯೋ ಎಷ್ಟೋ ಮಂದಿಗಿ ತಿಂಗಳ ಪಗಾರ ಅಂಬೋದೇ ಇಲ್ಲ, ಜಾಹೀರಾತು ತಂದ್ರ ಕಮಿಷನ್, ಅಷ್ಟೇ. ಆ ಜಾಹೀರಾತು ಬರೋದು ಎಲ್ಲಿಂದ, ನಿಮ್ಮ ಹುಟ್ಟುಹಬ್ಬಕ್ಕ, ದೀಪಾವಳಿಗಿ, ಯಾರಿಗರೆ ನಿಗಮದ ಅಧ್ಯಕ್ಷ ಮಾಡಿದ್ರ ಅದಕ್ಕೊಂದು ಅಭಿನಂದನೆ, ಎಲ್ಲಾ ಹಿಂಗೇ. ಮನಿ ನಡೆಯೋದು ಆ ರೊಕ್ಕದ ಮ್ಯಾಲೆ ಇರೋವಾಗ ಅಂವ ನಿಮ್ಮ ಮುಂದ ನಿಂತು ಕುಡಿಯೋ ನೀರಿನ ಯೋಜನೆ ಯಾಕ ನಿಂತದ ಅಂತ ಹ್ಯಾಂಗ ಕೇಳ್ಬೇಕು. ನಾ ಅವ್ರಿಗಿ ಬೈಯಲ್ಲ. ಇಂಥಾದ್ರಾಗೂ ಧೈರ್ಯ ಮಾಡಿ ಬರೆಯೋರು ಇದ್ದಾರ, ಬರೆದ ಮರುದಿನ ಅವ್ರಿಗಿ ಯಾರ್ಯಾರ ಫೋನ್ ಬರ್ತಾವ ಅಂಬೋದೂ ಊರಿಗೆಲ್ಲಾ ಗೊತ್ತದ.

ಒಂದು ಕಾಲದಾಗ ಹಳ್ಳಿಗಿ ಸುದ್ದಿ ಮುಟ್ಟಿಸೋ ವಿಷಯದಾಗ ನಮ್ಮ ಭಾಗ ಮುಂದಿತ್ತು. 1975-76ರಾಗ ಸ್ಯಾಟಲೈಟಿನಿಂದ ಹಳ್ಳಿಗಳಿಗಿ ಟಿವಿ ತೋರಿಸೋ ಸೈಟ್ ಪ್ರಯೋಗ 6 ರಾಜ್ಯದಾಗ ನಡೀತು, ಕರ್ನಾಟಕದಾಗ ಅದಕ್ಕ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಯಪುರ ಕಡಿ ಊರುಗಳು. ಕಲಬುರಗಿಗಿ 1977ರಾಗ ಟಿವಿ ಕೇಂದ್ರ ಬಂತು, ಬೆಂಗಳೂರಿಗಿ ಬಂದದ್ದು 1981ಕ್ಕ. ಬೀಜ, ಗೊಬ್ಬರ, ದನದ ರೋಗ, ಇಂಥಾ ಮಾತು ಹಳ್ಳಿ ರೈತಗ ಮುಟ್ಲಿ ಅಂಬೋದೇ ಅವಾಗಿನ ವಿಚಾರ. ಆಮ್ಯಾಲೆ 24 ತಾಸಿನ ಚಾನೆಲ್ ಬಂದ್ವು, ಅವಕ್ಕ ಬೀದರ್ ಕಲಬುರಗಿ ನೆನಪಾಗೋದು ಯಾವಾಗ ನೋಡ್ರಿ. 2020ರ ಮಾರ್ಚಿನಾಗ ದೇಶದ ಮೊದಲ್ನೇ ಕೊರೊನಾ ಸಾವು ಕಲಬುರಗಿದಾಗ ಆದಾಗ, 2025ರ ಜನವರಿದಾಗ ಬೀದರಿನಾಗ ಹಾಡಹಗಲೇ ಎಟಿಎಂ ರೊಕ್ಕದ ಗಾಡಿ ದರೋಡೆ ಆಗಿ ಒಬ್ಬ ಸತ್ತಾಗ. ಅವತ್ತು ಇಡೀ ದಿನ ನಮ್ಮದೇ ಸುದ್ದಿ. ಸೋಯಾ ರೇಟ್ ಬಿದ್ದದ್ದು, ಮಹಾರಾಷ್ಟ್ರದ ಧನೇಗಾಂವ್ ಡ್ಯಾಮಿಂದ ನೀರು ಬಿಟ್ಟು ಮಾಂಜ್ರಾ ನದಿ ದಂಡಿ ಹೊಲ ಮುಳುಗಿದ್ದು ಕೆಳಗ ಓಡೋ ಪಟ್ಟಿದಾಗ ಒಂದು ಸಾಲು ಬಂದ್ರ ಅದೇ ಹೆಚ್ಚು.

ಪೇಪರಿನಾಗೂ ಹಂಗೇ ಆಗ್ಯಾದ. ಜಿಲ್ಲೆಗೊಂದು ಪುಟ ಮಾಡ್ಯಾರ, ಅದು ಛಲೋನೇ, ನಮ್ಮೂರ ಹೆಸ್ರು ದಿನಾ ಬರ್ತದ. ಆದ್ರ ಆ ಪುಟ ಓದೋರು ನಾವೇ, ಬೆಂಗಳೂರಿನ ಆವೃತ್ತಿದಾಗ ಅದು ಇರೋದೇ ಇಲ್ಲ, ನಮ್ಮ ಊರಿನ ದವಾಖಾನೆದಾಗ ಡಾಕ್ಟರ್ ಇಲ್ಲ ಅಂತ ನಮಗೇ ತಿಳಿಸಿದಂಗ ಆಯ್ತು, ತಿಳೀಬೇಕಾದೋರು ವಿಧಾನಸೌಧದಾಗ ಕೂತಾರ. ಆ ಪುಟ ಅಲ್ಲಿಗಿ ಒಯ್ದು ತೋರ್ಸೋ ಕೆಲ್ಸ ನಿಮ್ಮದು ಸಾಹೇಬ್ರೆ.

ಖರೇ ಸುದ್ದಿ ಟೈಮಿಗಿ ಬರ್ಲಿಲ್ಲಂದ್ರ ಆ ಜಾಗದಾಗ ಏನು ಬಂದು ಕೂಡ್ತದ ಅಂಬೋದು ಬೀದರ್ ಜಿಲ್ಲೆಗಿ ಯಾರೂ ಹೇಳ್ಬೇಕಾಗಿಲ್ಲ. 2018ರ ಜುಲೈದಾಗ ಔರಾದ್ ಕಡಿ ಮುರ್ಕಿದಾಗ ಏನಾಯ್ತು ನೆನಪು ಮಾಡ್ಕೋರಿ. ಹೈದರಾಬಾದಿನಿಂದ ಬಂದ ಹುಡುಗರು ದಾರಿದಾಗ ಸಣ್ಣ ಮಕ್ಕಳಿಗಿ ಚಾಕ್ಲೇಟ್ ಕೊಟ್ರು ಅಷ್ಟೇ, ಮಕ್ಕಳ ಕಳ್ಳರು ಅಂತ ವಾಟ್ಸಾಪಿನಾಗ ಮೆಸೇಜ್ ಹೋಯ್ತು, ಅವ್ರ ಕಾರಿಗಿಂತ ಮೊದ್ಲು ಮೆಸೇಜ್ ಮುಂದಿನ ಊರು ಮುಟ್ಟಿತ್ತು, ಮಂದಿ ರಸ್ತೆ ಅಡ್ಡಗಟ್ಟಿ ಹೊಡೆದ್ರು, ಒಬ್ಬ ಸತ್ತೇ ಹೋದ, ಬಿಡಿಸ್ಲಾಕ ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅದೇ ತಿಂಗಳ 1ನೇ ತಾರೀಖಿಗಿ ಮಹಾರಾಷ್ಟ್ರದ ಧುಳೆ ಜಿಲ್ಲೆದಾಗ ಇದೇ ವದಂತಿಗಿ ಐದು ಮಂದಿ ಜೀವ ಹೋಗಿತ್ತು. ಮುರ್ಕಿ ಆದ ಮ್ಯಾಲೆ ವಾಟ್ಸಾಪಿನವ್ರು ಒಂದು ಮೆಸೇಜ್ ಒಮ್ಮಿಗಿ ಐದೇ ಕಡಿ ಫಾರ್ವರ್ಡ್ ಆಗುವಂಗ ಮಾಡಿದ್ರು. ಕಂಪನಿ ತನ್ನ ಕಡಿಂದ ಒಂದು ಬದಲಾವಣೆ ಮಾಡ್ತು, ನಾವು ನಮ್ಮ ಜಿಲ್ಲೆದಾಗ ಏನು ಬದಲು ಮಾಡೀವಿ? ಇಂದಿಗೂ ಊರಾಗ ಸುಳ್ಳು ಸುದ್ದಿ ಎದ್ರ ರಾತ್ರಿ ಹತ್ತಕ್ಕ ಯಾರಿಗಿ ಕೇಳಿ ಖಾತ್ರಿ ಮಾಡ್ಕೋಬೇಕು ಅಂತ ಒಬ್ಬ ಸಾಮಾನ್ಯ ಮನುಷ್ಯಗ ಗೊತ್ತಿಲ್ಲ.

ಜೀವ ಹೋಗುವಂಥಾದ್ದೇ ಆಗ್ಬೇಕಂತಿಲ್ಲ. ಬೆಳೆ ವಿಮೆ ತಗೋರಿ. ಮಳಿ ನೀರು ನಿಂತು ಹೊಲ ಹೋದ್ರ 72 ತಾಸಿನೊಳಗ ತಿಳಿಸ್ಬೇಕು, ಬೆಳೆ ವಿಮೆ ಸಹಾಯವಾಣಿ 14447ಕ್ಕ ಫೋನ್ ಮಾಡ್ಬೇಕು. ಮಳಿ ಬಿದ್ದ ವಾರದಾಗ ನಿಮ್ಮ ಪೇಜಿನಾಗ ನೀವು ಹೊಲದಾಗ ನಿಂತ ಫೋಟೋ ಬರ್ತಾವ, ರೈತನ ಹೆಗಲ ಮ್ಯಾಲೆ ಕೈ ಇಟ್ಟದ್ದು, ಅದ್ರ ಕೆಳಗ ಈ ನಂಬರ್ ಇಲ್ಲ, ಈ 72 ತಾಸು ಇಲ್ಲ. ಆಮ್ಯಾಲೆ ಪಾಪ ಐದಾರು ದಿನ ಬಿಟ್ಟು ಪಹಣಿ, ಆಧಾರ್ ಹಿಡ್ಕೊಂಡು ನಮ್ಮ ಅಂಗಡಿಗಿ ಝೆರಾಕ್ಸ್ ಮಾಡ್ಸ್ಲಾಕ ಬರ್ತಾರ, ಅವ್ರ ಮುಖ ನೋಡಿ ಟೈಮ್ ಮುಗಿದದ ಅಂತ ಹೇಳೋದು ನನಗ ಭಾಳ ಕಷ್ಟ ಆಗ್ತದ. ಅದೇ ಮಂದಿ ಫೋನಿನಾಗ ಫ್ರೀ ಲ್ಯಾಪ್‌ಟಾಪ್ ಅನ್ನೋ ಸುಳ್ಳು ಮೆಸೇಜ್ ಹತ್ತು ಸಲ ಬಂದಿರ್ತದ.

ಅದಕ್ಕ ಕೇಳ್ಕೋತೀನಿ ಸಾಹೇಬ್ರೆ, ಇದಕ್ಕ ಸರ್ಕಾರದ ಹೊಸ ಆದೇಶ ಬೇಕಾಗಿಲ್ಲ, ನೀವು ಮನಸ್ಸು ಮಾಡಿದ್ರ ಸಾಕು. ಮುಂದಿನ ಕೆಡಿಪಿ ಮೀಟಿಂಗ್ ಶುರುದಿಂದ ಕೊನಿತನ ಲೈವ್ ಬಿಡ್ರಿ, ಕಟ್ ಮಾಡಬ್ಯಾಡ್ರಿ, ಮ್ಯೂಸಿಕ್ ಬ್ಯಾಡ. ಹಿಂದಿನ ಮೀಟಿಂಗಿನ ಅನುಪಾಲನಾ ವರದಿ, ಅಂದ್ರ ಹೇಳಿದ್ರಾಗ ಏನೇನು ಆಯ್ತು ಅಂಬೋ ಲೆಕ್ಕ, ಒಳಗಿನ ಟೇಬಲ್ಲಿಗಷ್ಟೇ ಹಂಚಬ್ಯಾಡ್ರಿ, ಪೇಜಿನಾಗೂ ಹಾಕ್ರಿ. ಪತ್ರಕರ್ತರನ್ನ ಫೋಟೋ ತೆಗೆಯೋತನ ಒಳಗ ಬಿಟ್ಟು ಆಮ್ಯಾಲೆ ಚಾ ಕುಡೀರಿ ಅಂತ ಹೊರಗ ಕಳಿಸೋದು ಬಿಡ್ರಿ, ತಿಂಗಳಿಗೊಮ್ಮೆ ಅವ್ರ ಮುಂದ ಕೂಡ್ರಿ, ಜಾಹೀರಾತು ಕೊಟ್ಟ ಪೇಪರು ಕೊಡದ ಪೇಪರು ಅಂತ ನೋಡದೆ ಎಲ್ಲಾರ ಪ್ರಶ್ನೆ ತಗೋರಿ. ಬೀದರಿನಾಗ ಮರಾಠಿ, ಉರ್ದು, ತೆಲುಗು ಮಾತಾಡೋ ಮನಿ ಭಾಳ ಅವ, ಮಳಿ, ರೋಗ, ವದಂತಿ, ಇಂಥಾ ಜರೂರಿ ಮಾತು ಆ ಭಾಷೆದಾಗೂ ಹೇಳಿಸ್ರಿ. ಮತ್ತ ಬಂದ್ ಮಾಡಿದ ಆ ಕಾಮೆಂಟ್ ಓಪನ್ ಮಾಡ್ರಿ ಸಾಹೇಬ್ರೆ. ಬೈಯೋರು ಇರ್ತಾರ ಖರೆ, ಆದ್ರ ನಮ್ಮ ತಾಂಡಾಕ್ಕ ನಾಲ್ಕು ದಿನದಿಂದ ನೀರಿಲ್ಲ ಅಂತ ಬರೆಯೋ ಹೆಣ್ಮಗಳೂ ಅದೇ ಜಾಗದಾಗ ಇರ್ತಾಳ.

ಮೀಟಿಂಗ್ ತಾರೀಖು ಹಾಕ್ರಿ, ನಾವು ಪ್ರಶ್ನೆ ಬರ್ಕೊಂಡು ಬರ್ತೀವಿ. ನನ್ನ ಮೊದಲ್ನೇ ಪ್ರಶ್ನೆ ಇಲ್ಲೇ ಬರೀತೀನಿ: ಹೋದ ಮುಂಗಾರಿನಾಗ ನಮ್ಮ ತಾಲೂಕಿನಾಗ ಎಷ್ಟು ರೈತರು ಬೆಳೆ ವಿಮೆ ಕಟ್ಟಿದ್ರು, ಎಷ್ಟು ಮಂದಿಗಿ ಪರಿಹಾರ ಜಮಾ ಆಗ್ಯಾದ, ಉಳಿದೋರ ಅರ್ಜಿ ಯಾವ ಕಾರಣಕ್ಕ ಬಿದ್ದಾವ, ಊರುವಾರು ಲೆಕ್ಕ ಕೊಡ್ರಿ.

ಇಂತಿ ನಿಮ್ಮ ಕ್ಷೇತ್ರದ ಒಬ್ಬ ಮತದಾರ