ಇನ್‌ಕ್ಲೂಡ್ ಸಾಲುಗಳನ್ನು ಕಣ್ಣುಮುಚ್ಚಿ ಕಾಪಿ ಮಾಡಿಸಬೇಡಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಮುಗಿಸಿದವರಿಗೆ ಕೋಡಿಂಗ್ ಬರುವುದಿಲ್ಲ ಎಂಬ ದೂರು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ದಿನವಿಡೀ ಸಿ ಭಾಷೆಯಲ್ಲೇ ಕೆಲಸ ಮಾಡುವ ನನ್ನ ಪ್ರಕಾರ ಕೋಡಿಂಗ್ ಬರುತ್ತದೆ, ಫೈಲ್ ಚೊಕ್ಕವಾಗಿಡುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ ಅಷ್ಟೆ. ಹೊಸಬರ ಫೈಲ್ ತೆರೆದರೆ ಮೇಲೆ ಹದಿನೈದಿಪ್ಪತ್ತು ಇನ್‌ಕ್ಲೂಡ್ ಸಾಲು (ಫಂಕ್ಷನ್‌ಗಳ ಘೋಷಣೆ ಇರುವ ಹೆಡರ್ ಎಂಬ ಫೈಲನ್ನು ಒಳಗೆ ತರುವ ಸಾಲು), ಕೆಳಗಿನ ಕೋಡ್‌ಗೆ ನಿಜಕ್ಕೂ ಬೇಕಾದದ್ದು ನಾಲ್ಕೋ ಐದೋ. ಕೇಳಿದರೆ, ಹಳೇ ಫೈಲ್‌ನಲ್ಲಿ ಇತ್ತು ಸರ್, ಇರಲಿ ಅಂತ ಬಿಟ್ಟೆ ಅನ್ನುತ್ತಾರೆ. ಟರ್ಬೊ ಸಿ ಎಂಬ ಹಳೇ ಕಂಪೈಲರ್ (ಕೋಡನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವ ತಂತ್ರಾಂಶ) ಕಾಲದ ಕೋನಿಯೋ ಡಾಟ್ ಎಚ್ ಹೆಡರ್ ಇನ್ನೂ ಲ್ಯಾಬ್ ರೆಕಾರ್ಡ್‌ಗಳಲ್ಲಿ ಕಾಣುತ್ತದೆ. ಅದು ಸಿ ಸ್ಟ್ಯಾಂಡರ್ಡ್‌ನಲ್ಲಿ ಯಾವತ್ತೂ ಇರಲಿಲ್ಲ, ಲಿನಕ್ಸ್‌ನ ಜಿಸಿಸಿ ಕಂಪೈಲರ್ ಜೊತೆ ಬರುವುದೂ ಇಲ್ಲ.

ಇದ್ದರೇನು ನಷ್ಟ ಅಂತ ಕೇಳಬಹುದು. ಇನ್‌ಕ್ಲೂಡ್ ಅಂದರೆ ಆ ಹೆಡರ್ ಪೂರ್ತಿ ನಿಮ್ಮ ಫೈಲ್‌ಗೆ ಬಂದು ಕೂರುತ್ತದೆ, ಅದು ಕರೆದ ಹೆಡರ್‌ಗಳೂ ಹಿಂದೆಯೇ ಬರುತ್ತವೆ. ಅದರಲ್ಲಿ ಒಂದನ್ನು ಮುಟ್ಟಿದರೆ ಅದನ್ನು ಸೇರಿಸಿಕೊಂಡ ಅಷ್ಟೂ ಫೈಲ್ ಮತ್ತೆ ಕಂಪೈಲ್ ಆಗಬೇಕು. ಇದಕ್ಕಿಂತ ಕೆಟ್ಟದ್ದು ಕದ್ದು ಬರುವ ಹೆಡರ್. ನೀವು ಪಾಯಿಂಟರ್ (ಮೆಮೊರಿಯ ವಿಳಾಸ) ಕೊಡುವ ಗೆಟ್‌ಎನ್ವ್ ಫಂಕ್ಷನ್ ಬಳಸಿದ್ದೀರಿ, ಅದರ ಘೋಷಣೆ ಇರುವ ಎಸ್‌ಟಿಡಿಲಿಬ್ ಡಾಟ್ ಎಚ್ ಹಾಕಿಲ್ಲ, ಬೇರೆ ಯಾವುದೋ ಹೆಡರ್ ಅದನ್ನು ಒಳಗೆ ತರುತ್ತಿದೆ, ಎಲ್ಲಾ ನಡೆಯುತ್ತಿದೆ. ನಾಳೆ ಯಾರೋ ಆ ಹೆಡರ್ ಶುಚಿ ಮಾಡುತ್ತಾರೆ, ಘೋಷಣೆ ಮಾಯ. ಆಗ ಹಳೇ ಜಿಸಿಸಿ ಬರೀ ಎಚ್ಚರಿಕೆ ಕೊಟ್ಟು, ಗೆಟ್‌ಎನ್ವ್ ಪೂರ್ಣಾಂಕ ಕೊಡುತ್ತದೆ ಅಂತ ತಾನೇ ಊಹಿಸಿಕೊಳ್ಳುತ್ತಿತ್ತು. 64 ಬಿಟ್ ಯಂತ್ರದಲ್ಲಿ ವಿಳಾಸದ ಅರ್ಧ ಕತ್ತರಿಸಿಹೋಗಿ ಪ್ರೋಗ್ರಾಂ ಎಲ್ಲೋ ಬೀಳುತ್ತಿತ್ತು. 2024ರಲ್ಲಿ ಬಂದ ಜಿಸಿಸಿ 14ರಿಂದ ಇದು ನೇರ ಎರರ್. ಒಳ್ಳೆಯದೇ ಆಯ್ತು.

ಇದು ಚಿಲ್ಲರೆ ಕೆಲಸ ಅಲ್ಲ. 2022ರ ಜನವರಿಯಲ್ಲಿ ಕರ್ನಲ್ ಡೆವಲಪರ್ ಇಂಗೋ ಮೊಲ್ನಾರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹೆಡರ್ ಜಂಜಾಟ ಬಿಡಿಸಲು 2,200ಕ್ಕೂ ಜಾಸ್ತಿ ಪ್ಯಾಚ್‌ಗಳನ್ನು (ಕೋಡ್ ತಿದ್ದುಪಡಿಗಳನ್ನು) ಒಟ್ಟಿಗೆ ಮುಂದಿಟ್ಟರು. ಇಡೀ ಕರ್ನಲ್ ಕಂಪೈಲ್ ಮಾಡುವ ವೇಗ 50ರಿಂದ 80 ಶೇಕಡಾ ಹೆಚ್ಚುತ್ತದೆ ಎಂದಿದ್ದರು. ಆದರೆ ಅಷ್ಟು ದೊಡ್ಡ ಗಂಟನ್ನು ಹಾಗೇ ಸೇರಿಸಿಕೊಳ್ಳಲು ಆಗಲಿಲ್ಲ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ತಂತ್ರಾಂಶದವರ ದಾರಿ ನನಗೆ ಹೆಚ್ಚು ಇಷ್ಟ. ಗಿಟ್‌ನ ಕೋಡ್‌ನಲ್ಲಿ 2005ರ ಮೊದಲ ಕಮಿಟ್‌ನಿಂದಲೇ (ದಾಖಲಿಸಿದ ಮೊದಲ ರೂಪದಿಂದಲೇ) ಇದ್ದ, ಸಿಕ್ಕಿದ್ದೆಲ್ಲಾ ತುಂಬಿಕೊಂಡಿದ್ದ ಕ್ಯಾಶ್ ಡಾಟ್ ಎಚ್ ಹೆಡರ್ ಅನ್ನು ಸ್ವಲ್ಪಸ್ವಲ್ಪವೇ ಬೇರೆ ಫೈಲ್‌ಗಳಿಗೆ ಹಂಚಿ 2023ರಲ್ಲಿ ತೆಗೆದೇಬಿಟ್ಟರು.

ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೆ. ಮೊದಲ ಲ್ಯಾಬ್‌ನಲ್ಲೇ ಜಿಸಿಸಿಗೆ ಮೈನಸ್ ಕ್ಯಾಪಿಟಲ್ ಎಚ್ (-H) ಆಯ್ಕೆ ಕೊಟ್ಟು ಯಾವ ಹೆಡರ್ ಯಾವುದನ್ನು ಎಳೆದು ತಂದಿದೆ ಅಂತ ಮಕ್ಕಳಿಗೆ ತೋರಿಸಿ. ಬರೀ ಪಾಯಿಂಟರ್ ಸಾಕಾದ ಕಡೆ ಸ್ಟ್ರಕ್ಟ್‌ನ (ಹಲವು ಮಾಹಿತಿ ಒಟ್ಟಿಗೆ ಇಡುವ ರಚನೆಯ) ಹೆಸರನ್ನಷ್ಟೇ ಮೊದಲೇ ಘೋಷಿಸಿದರೆ ನಡೆಯುತ್ತದೆ, ಇಡೀ ಹೆಡರ್ ಬೇಡ ಅಂತಲೂ ಹೇಳಿಕೊಡಿ. ರೆಕಾರ್ಡ್ ತಿದ್ದುವಾಗ ಬೇಡದ ಇನ್‌ಕ್ಲೂಡ್ ಕಂಡರೆ ಸುಮ್ನೆ ಸಹಿ ಹಾಕಿ ಕಳಿಸದೆ, ಇದು ಯಾಕೆ ಬೇಕು ಅಂತ ಒಂದು ಮಾತು ಕೇಳಿ.

— ಒಬ್ಬ ಓದುಗ, ಬೆಂಗಳೂರು