ಬಾಕಿ ಉಳಿದ ಮೂರು ಪಂದ್ಯ: ಅಣ್ಣನ ನೆನಪಿನ ಕಿಕ್‌ಬಾಕ್ಸಿಂಗ್ ಪಂದ್ಯಾಟಕ್ಕೆ ನಿಮ್ಮ ನೆರವು ಬೇಕು

ಪ್ರೀತಿಯ ಊರವರೇ, ಮಂಗಳೂರು, ಬೆಂಗಳೂರು, ಗಲ್ಫ್‌ನಲ್ಲಿರುವ ನಮ್ಮವರೇ,

ವಿಷು ಕಳೆದು ವಾರ ಆಯ್ತು. ಮೇ ಕೊನೆಗೆ, ಮಳೆಗಾಲದ ಮುಂಚೆ ನಮ್ಮ ತುಳುನಾಡಿನಲ್ಲಿ ಕೋಲ, ಆಟಗಳೆಲ್ಲ ನಿಲ್ಲುವ ದಿನವಾದ ಪತ್ತನಾಜೆಗೆ ಇನ್ನು ಐದು ವಾರವೂ ಇಲ್ಲ. ಅಷ್ಟರೊಳಗೆ ಮಕ್ಕಳು ಕಿಕ್‌ಬಾಕ್ಸಿಂಗ್ ಕಲಿಯುವ ನಮ್ಮ ಶೆಡ್ಡಿಗೆ ಮಾಡು (ಛಾವಣಿ) ಆಗಬೇಕು, ನಮಗೆ ಕಲಿಸಿದ ಅಣ್ಣನ ನೆನಪಿನ ಪಂದ್ಯಾಟ ಮುಗಿಯಬೇಕು. ಅದಕ್ಕೇ ಈ ಪತ್ರ.

ಹೋದ ವರ್ಷ ಮೇ ತಿಂಗಳಲ್ಲಿ ನಡೆದದ್ದು ನಿಮಗೆ ಗೊತ್ತೇ ಇದೆ. ಅಣ್ಣ ಆಡುತ್ತಿದ್ದ 60 ಕೆಜಿ ವಿಭಾಗದಲ್ಲೇ ನಾಕೌಟ್ ಪಂದ್ಯಾಟ ಇಟ್ಟಿದ್ದೆವು. 16 ಮಂದಿ, ಒಟ್ಟು 15 ಪಂದ್ಯ. ಮೊದಲ ದಿನ 8, ಎರಡನೇ ದಿನ 4 ಚೆನ್ನಾಗಿ ನಡೆದವು. ರಿಂಗಿನಲ್ಲಿ ಒಬ್ಬನಿಗೆ ದಿನಕ್ಕೆ ಒಂದೇ ಪಂದ್ಯ ಅನ್ನುವುದು ಅಣ್ಣನ ಕಟ್ಟುನಿಟ್ಟು. ಹಾಗಾಗಿ ಸೆಮಿಫೈನಲ್ ಮರುದಿನಕ್ಕಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಗಾಳಿ ಎದ್ದಿತು. ಶೆಡ್ಡಿನ ಮೂಡು ಬದಿಯ ಶೀಟುಗಳು ಒಂದರ ಹಿಂದೆ ಒಂದು ಎದ್ದು ಪಕ್ಕದ ಅಡಿಕೆ ತೋಟಕ್ಕೆ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ, ಅದೇ ಪುಣ್ಯ. ಬೆಳಗ್ಗೆ ನೋಡುವಾಗ ರಿಂಗಿನ ಕ್ಯಾನ್ವಾಸಿನ ಮೇಲೆ ಪಾದ ಮುಳುಗುವಷ್ಟು ನೀರು. ಕೆಳಗಿನ ಹಲಗೆ ಉಬ್ಬಿ ಎದ್ದಿತ್ತು. ದೂರದಿಂದ ಬಂದ ಹುಡುಗರನ್ನು ಗಂಜಿ ಊಟ ಹಾಕಿ ಹಾಗೇ ಕಳಿಸಬೇಕಾಯ್ತು.

ಎಲ್ಲಕ್ಕಿಂತ ಜಾಸ್ತಿ ಬೇಜಾರಾದದ್ದು ಆ ಗೋಣಿ ಚೀಲ ನೋಡಿ. ಅಣ್ಣ ಶುರು ಮಾಡಿದಾಗ ಪಂಚಿಂಗ್ ಬ್ಯಾಗ್ ತರುವ ದುಡ್ಡು ಯಾರ ಹತ್ರ ಇತ್ತು? ಅಡಿಕೆ ಗೋಣಿಯೊಳಗೆ ಹಳೇ ಲುಂಗಿ, ಸೀರೆ ತುಂಬಿ ದಬ್ಬಣದಲ್ಲಿ ಅವರೇ ಹೊಲಿದದ್ದು. ಅದೆಷ್ಟು ಸಲ ಹರಿಯಿತೋ, ಅಷ್ಟು ಸಲ ಮತ್ತೆ ಹೊಲಿದರು. ಮೊಣಕಾಲೆತ್ತರದಲ್ಲಿ ಒಂದು ಕಡೆ ಹೊಲಿಗೆ ಮೇಲೆ ಹೊಲಿಗೆ ಬಿದ್ದು ಕಲ್ಲಿನ ಹಾಗೆ ಆಗಿದೆ. ಅದು ಅವರ ಬಲಗಾಲಿನ ಲೋ ಕಿಕ್ ಬೀಳುತ್ತಿದ್ದ ಜಾಗ. ಆ ಚೀಲ ನೀರು ಕುಡಿದು, ಹಗ್ಗ ತುಂಡಾಗಿ, ಕೆಸರಲ್ಲಿ ಬಿದ್ದಿತ್ತು. ಬಿಚ್ಚಿ, ಬಟ್ಟೆಯನ್ನೆಲ್ಲ ಅಡಿಕೆ ಹರಡುವ ಅಂಗಳದಲ್ಲಿ ಎಂಟು ದಿನ ಒಣಗಿಸಿ, ಮತ್ತೆ ತುಂಬಿಸಿ ಇಟ್ಟಿದ್ದೇವೆ. ಕಟ್ಟುವುದಕ್ಕೆ ಪಕಾಸು (ಮಾಡಿನ ಮರ) ಇಲ್ಲ, ಅಷ್ಟೇ.

ಅಣ್ಣನ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾ? ಆದರೂ ಹೇಳದೆ ಇರಲಿಕ್ಕೆ ಆಗುವುದಿಲ್ಲ. ಹಗಲು ಮುರಕಲ್ಲಿನ ಪಣೆಯಲ್ಲಿ (ಕೆಂಪು ಕಲ್ಲಿನ ಕೋರೆ) ಕೆಲಸ. ಸಂಜೆ ಮೈಮೇಲೆ ಕೆಂಪು ಧೂಳು ಇರುವಾಗಲೇ ಮಕ್ಕಳಿಗೆ ಒದೆಯಲಿಕ್ಕೆ ಪ್ಯಾಡ್ ಹಿಡಿಯುತ್ತಿದ್ದರು. ಶೆಡ್ಡಿನ ಗೋಡೆಯ ಕಲ್ಲುಗಳೂ ಅವರು ಕೂಲಿ ಬದಲಿಗೆ ಕೇಳಿ ತಂದವೇ. ನಮ್ಮ ಕಾಸರಗೋಡು ಸಪ್ತಭಾಷೆಯ ನೆಲ ಅಂತಾರಲ್ವಾ, ಅದನ್ನು ನೋಡಬೇಕಾದರೆ ಆ ಶೆಡ್ಡಿಗೆ ಬರಬೇಕಿತ್ತು. ತುಳು ಮನೆಯ ಹುಡುಗ, ಮಲೆಯಾಳ ಮನೆಯ ಹುಡುಗಿ, ಉಪ್ಪಳದಿಂದ ಬರುವ ಉರ್ದು ಮಾತಾಡುವ ಅಣ್ಣತಮ್ಮಂದಿರು, ಎಲ್ಲರೂ ಸಾಲಾಗಿ ನಿಂತು ‘ಒಂದು, ಎರಡು, ಮೂರು’ ಅಂತ ಕನ್ನಡದಲ್ಲೇ ಲೆಕ್ಕ ಹೇಳಿ ಒದೆಯುತ್ತಿದ್ದರು. ಈಗಲೂ ಹಾಗೆಯೇ.

2020ರಲ್ಲಿ ಕೊರೋನ ಬಂದು ಕರ್ನಾಟಕದ ಗಡಿ ತಲಪಾಡಿಯಲ್ಲಿ ದಾರಿ ಬಂದ್ ಆದಾಗ ಮಂಗಳೂರಿನ ಮದ್ದನ್ನೇ ನಂಬಿದವರ ಪಾಡು ಏನಾಯ್ತು ಅಂತ ನಾವೆಲ್ಲ ನೋಡಿದವರು. ಆಗ ಅಣ್ಣ ಮತ್ತು ದೊಡ್ಡ ಹುಡುಗರು ಸಿಕ್ಕಿದ ಕಡೆಯಿಂದ ಮದ್ದು ಹುಡುಕಿ, ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಮನೆಗಳಿಗೆ ಬೈಕಿನಲ್ಲಿ ಮುಟ್ಟಿಸಿದರು. ಮರುವರ್ಷ ಜುಲೈಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕಿಕ್‌ಬಾಕ್ಸಿಂಗಿನ ವಿಶ್ವ ಸಂಸ್ಥೆ ವಾಕೋಗೆ ಪೂರ್ಣ ಮಾನ್ಯತೆ ಕೊಟ್ಟಿತು. ಸುದ್ದಿ ಕೇಳಿದ ದಿನ ಅಣ್ಣ ಮಕ್ಕಳಿಗೆಲ್ಲ ಲಡ್ಡು ಹಂಚಿದರು. ‘ನಮ್ಮದು ಬೀದಿ ಜಗಳ ಅಲ್ಲ ಅಂತ ಇನ್ನಾದರೂ ಗೊತ್ತಾಗಲಿ’ ಅಂದರು. ಮಕ್ಕಳು ರಾಜ್ಯ ಮಟ್ಟದಿಂದ ಪದಕ ತಂದಾಗಲೂ ಅವರ ಮುಖದಲ್ಲಿ ಅಷ್ಟು ಖುಷಿ ನಾವು ಕಂಡಿಲ್ಲ.

ಈಗ 60ಕ್ಕೂ ಜಾಸ್ತಿ ಮಕ್ಕಳಿದ್ದಾರೆ. ಅಣ್ಣ ಫೀಸು ತೆಗೆದುಕೊಂಡವರಲ್ಲ, ನಾವೂ ತೆಗೆದುಕೊಳ್ಳುವುದಿಲ್ಲ. ಬೀಡಿ ಕಟ್ಟುವ ಅಮ್ಮಂದಿರ ಹತ್ರ, ಬೆಳಗಿನ ಜಾವ ರಬ್ಬರ್ ಟ್ಯಾಪಿಂಗಿಗೆ ಹೋಗುವ ಅಪ್ಪಂದಿರ ಹತ್ರ ಏನಂತ ಕೇಳುವುದು? ಮೊಣಕಾಲ ಕೆಳಗೆ ಕಟ್ಟುವ ಶಿನ್ ಗಾರ್ಡ್ ಇರುವುದು ಒಂಬತ್ತು ಜೊತೆ. ಒಬ್ಬನ ಬೆವರು ಆರುವ ಮೊದಲೇ ಇನ್ನೊಬ್ಬ ಕಟ್ಟಿಕೊಳ್ಳಬೇಕು. ಹಲ್ಲಿಗೆ ಇಡುವ ಮೌತ್ ಗಾರ್ಡ್ ಮಾತ್ರ ಹಂಚಿಕೊಳ್ಳಲಿಕ್ಕೆ ಬರುವುದಿಲ್ಲ. ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ಅವರವರೇ ಕಚ್ಚಿ ಅಚ್ಚು ತೆಗೆಯಬೇಕು. ಮೊನ್ನೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನದನ್ನು ಕಚ್ಚಿ, ಹೊರಗೆ ತೆಗೆದು, ತನ್ನದೇ ಹಲ್ಲಿನ ಗುರುತನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಅವಳಿಗಿನ್ನೂ ಗ್ಲೌಸ್ ಆಗಿಲ್ಲ. ಮಾಡು ಇಲ್ಲದ ಶೆಡ್ಡಿನಲ್ಲಿ ಹೋದ ಮಳೆಗಾಲದ ಮೂರು ತಿಂಗಳು ಇವರ ಅಭ್ಯಾಸ ಪೂರಾ ನಿಂತೇ ಹೋಯ್ತು.

ಖರ್ಚಿನ ವಿಷಯ. ಮಾಡಿಗೆ ಕಬ್ಬಿಣದ ಟ್ರಸ್ (ಚೌಕಟ್ಟು), ಶೀಟು, ಕೂಲಿ ಸೇರಿ ಸುಮಾರು 3.5 ಲಕ್ಷ. ರಿಂಗಿಗೆ ಹೊಸ ಹಲಗೆ, ಫೋಮ್, ಕ್ಯಾನ್ವಾಸ್ 1 ಲಕ್ಷದ ಹತ್ತಿರ. ಪಂದ್ಯಾಟದ ದಿನಗಳಿಗೆ ಡಾಕ್ಟರು, ಆಂಬುಲೆನ್ಸ್, ರೆಫ್ರಿಗಳು, ಊಟ, ಲೈಟು ಎಲ್ಲ ಸೇರಿ ಇನ್ನೊಂದು 80 ಸಾವಿರ ಆಗಬಹುದು. ಡಾಕ್ಟರಿಲ್ಲದೆ ಗಂಟೆ ಹೊಡೆಯುವುದಿಲ್ಲ, ಅಲ್ಲಿ ಉಳಿತಾಯ ಮಾಡುವ ಮಾತೇ ಇಲ್ಲ. ಕೈಯಲ್ಲಿ ಇರುವುದು 1.4 ಲಕ್ಷ ಚಿಲ್ಲರೆ. ಕಬ್ಬಿಣದ ಕೆಲಸದವರು ಎರಡು ವಾರ ಬೇಕು ಅಂದಿದ್ದಾರೆ, ಈ ತಿಂಗಳ ಕೊನೆಗೆ ಮುಂಗಡ ಕೊಡಬೇಕು.

ದುಡ್ಡೇ ಆಗಬೇಕು ಅಂತಿಲ್ಲ. ಹೊರೆಕಾಣಿಕೆ ಕೊಡುವ ಹಾಗೆ ಕುಚ್ಚಲಕ್ಕಿ, ತೆಂಗಿನಕಾಯಿ, ತರಕಾರಿ ಕೊಡಿ. ಒಂದು ಶೀಟಿನ ಕ್ರಯ ಕೊಡಿ, ಒಂದು ಜೊತೆ ಗ್ಲೌಸ್ ಕೊಡಿ. ವೆಲ್ಡಿಂಗ್ ಗೊತ್ತಿದ್ದವರು ಎರಡು ದಿನ ಶ್ರಮದಾನಕ್ಕೆ ಬನ್ನಿ. ಎಲ್ಲದಕ್ಕೂ ರಶೀದಿ ಕೊಡುತ್ತೇವೆ, ಲೆಕ್ಕವನ್ನು ಶೆಡ್ಡಿನ ಬಾಗಿಲಲ್ಲೇ ಅಂಟಿಸುತ್ತೇವೆ.

ಸೆಮಿಫೈನಲಿಗೆ ಬಂದ ನಾಲ್ವರ ಹತ್ರವೂ ಮಾತಾಡಿ ಆಗಿದೆ. ಇಬ್ಬರು ನಮ್ಮವರು, ಒಬ್ಬ ಮಂಗಳೂರಿನವ, ಒಬ್ಬ ಪಯ್ಯನ್ನೂರಿನವ. ನಾಲ್ವರೂ ಬರುತ್ತೇನೆ ಅಂದಿದ್ದಾರೆ. ವರ್ಷ ಕಳೆದರೂ ತೂಕ ಅರವತ್ತರ ಒಳಗೇ ಇಟ್ಟುಕೊಂಡಿದ್ದಾರೆ. ಹೋದ ವರ್ಷದ ಡ್ರಾ ಹಾಳೆಯನ್ನು ಒಣಗಿಸಿ ತೆಗೆದಿಟ್ಟಿದ್ದೇವೆ. ಅದರಲ್ಲಿ ಬರೆಯಲು ಇನ್ನು ಮೂರು ಗೆರೆ ಬಾಕಿ ಇದೆ. ಮೇ ಮೂರನೇ ವಾರ, ಎರಡು ಸಂಜೆ. ಮೊದಲ ದಿನ ಸೆಮಿಫೈನಲ್, ಮರುದಿನ ಫೈನಲ್. ಮನೆಯವರನ್ನೂ ಕರಕೊಂಡು ಬನ್ನಿ, ಊಟ ನಮ್ಮಲ್ಲೇ.

ನಿಮ್ಮವರು,
ಟ್ರಸ್ಟಿನ ಸದಸ್ಯರು ಮತ್ತು ಅಣ್ಣನ ಶಿಷ್ಯರು